ತೋಳಿನ ಮೇಲಿನ ಹತ್ತೊಂಬತ್ತು

ಹಡಗಿನಲ್ಲಿ ಅವಳನ್ನು ಎಲ್ಲರೂ ಕ್ಯಾಲೆಂಡರ್ ಅಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖಕ್ಕೇ ಅನ್ನುತ್ತಿದ್ದರು. ಅವಳಿಗೂ ಅದು ಬೇಡವಾಗಿರಲಿಲ್ಲ. ಗಾಯವನ್ನು ಬಿಚ್ಚಿ ನೋಡಿ, ಸುತ್ತಲಿನ ಚರ್ಮವನ್ನು ಹೆಬ್ಬೆರಳಲ್ಲಿ ಒತ್ತಿ, ಒಮ್ಮೆ ಮೂಸಿ, ಇದಕ್ಕೆ ಹನ್ನೊಂದು ದಿನ ಅಂದಳೆಂದರೆ ಹನ್ನೊಂದನೆಯ ದಿನ ರೋಗಿ ತನ್ನ ಚೀಲ ಹಿಡಿದುಕೊಂಡು ಹಡಗಿನ ಏಣಿ ಇಳಿಯುತ್ತಿದ್ದ. ಹನ್ನೆರಡಾಗಿದ್ದು ಅಪರೂಪ. ಡಾಕ್ಟರುಗಳು ಅವಳ ಜೊತೆ ಪಂಥ ಕಟ್ಟಿ ಸೋತು ಸುಮ್ಮನಾಗಿದ್ದರು. ನೌಕಾಪಡೆಯ ಆಸ್ಪತ್ರೆ ಹಡಗಿನಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿ ಸವೆದವಳಿಗೆ ಅಷ್ಟೂ ಜಂಬ ಬೇಡವೆ? ಮುಂದೆ ಆದದ್ದಕ್ಕೆಲ್ಲ ಆ ಜಂಬವೇ ಕಾರಣ ಅಂದರೆ ಅನ್ಯಾಯವಾದೀತು. ಆದರೆ ಅದರ ಪಾಲು ಅದಕ್ಕಿದೆ.

ಭೂಕಂಪವಾದ ಮೂರನೆಯ ದಿನ ಹಡಗು ಆ ಊರಿನ ಮುಂದೆ ಬಂದು ನಿಂತಿತು. ಬಂದರಿನ ಕಟ್ಟೆ ಕುಸಿದು ಹೋಗಿದ್ದರಿಂದ ದಡಕ್ಕೆ ಹೋಗುವಂತಿರಲಿಲ್ಲ. ಎರಡು ಮೈಲಿ ಆಚೆ ಲಂಗರು ಹಾಕಿ, ರೋಗಿಗಳನ್ನು ದೋಣಿಯಲ್ಲಿ ತರಿಸಿಕೊಳ್ಳಬೇಕು. ಮುನ್ನೂರು ಹಾಸಿಗೆ, ಮೂರು ಆಪರೇಷನ್ ಕೋಣೆ, ಮೈಗೆಲ್ಲ ಬಿಳಿ ಬಣ್ಣ. ದಡದಲ್ಲಿ ಎಲ್ಲಿ ನಿಂತರೂ ಅದು ಕಣ್ಣಿಗೆ ಬೀಳುತ್ತಿತ್ತು. ಬೀಳದಿದ್ದರೇ ಒಳ್ಳೆಯದಿತ್ತೇನೋ.

ಹದಿನಾರು ದಿನ ಅಲ್ಲಿ ನಿಲ್ಲಬೇಕು, ಆಮೇಲೆ ಲಂಗರು ಎತ್ತಬೇಕು ಅಂತ ಮೇಲಿನವರ ಅಪ್ಪಣೆ. ಆದ್ದರಿಂದ ಹಡಗು ಹೊರಡುವುದರೊಳಗೆ ವಾಸಿಯಾಗುವವರನ್ನು ಮಾತ್ರ ಹತ್ತಿಸಿಕೊಳ್ಳಬೇಕೆಂಬುದು ನಿಯಮ. ಅರ್ಧ ಚಿಕಿತ್ಸೆ ಮಾಡಿ, ಒಣಗದ ಗಾಯದೊಂದಿಗೆ ಮರಳಿನ ಮೇಲೆ ಇಳಿಸಿ ಹೋಗುವಂತಿಲ್ಲ. ನಿಯಮ ಕೆಟ್ಟದ್ದೇನಲ್ಲ, ಅದು ಯಾಕೆ ಬಂತು ಅಂತ ಕ್ಯಾಲೆಂಡರ್ ಅಕ್ಕನಿಗೆ ಚೆನ್ನಾಗಿಯೇ ಗೊತ್ತಿತ್ತು. ಬಹಳ ವರ್ಷದ ಹಿಂದೆ ಇನ್ನೊಂದು ದಡದಲ್ಲಿ ಒಬ್ಬ ಮುದುಕನ ಕಾಲು ನೋಡಿ ಕರುಳು ಚುರುಕ್ಕೆಂದು, ಇಪ್ಪತ್ತು ಅನ್ನಬೇಕಾದಲ್ಲಿ ಹತ್ತು ಅಂದಿದ್ದಳು. ಹತ್ತನೆಯ ದಿನ ಅವನನ್ನು ಸ್ಟ್ರೆಚರಿನಲ್ಲೇ ದಡಕ್ಕೆ ಇಳಿಸಿ ಹಡಗು ಹೊರಟಿತು. ಅವನು ಉಳಿಯಲಿಲ್ಲ ಅಂತ ಆಮೇಲೆ ಸುದ್ದಿ ಬಂತು. ಅಂದಿನಿಂದ ಅವಳು ಯಾರಿಗೂ ಒಂದು ದಿನವನ್ನೂ ಬಿಟ್ಟುಕೊಟ್ಟಿರಲಿಲ್ಲ.

ದಡದ ಮೇಲೆ, ಗೋಡೆ ಬಿರುಕು ಬಿಟ್ಟರೂ ನಿಂತುಕೊಂಡಿದ್ದ ಒಂದು ಶಾಲೆ. ಅದರ ಮುಂದಿನ ಜಗುಲಿಯಲ್ಲಿ ಅವಳ ಮೇಜು. ಬೆಳಿಗ್ಗೆ ಎಂಟಕ್ಕೆ ದೋಣಿಯಲ್ಲಿ ಬಂದು ಕೂತರೆ ಸಂಜೆ ನಾಲ್ಕರವರೆಗೆ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ ಒಂದೇ ಒಂದು ಅಂಕಿ ಬರೆಯುವುದು ಅವಳ ಕೆಲಸ. ಎಷ್ಟು ದಿನ ಬೇಕು, ಅಷ್ಟೆ. ಚೀಟಿ ಕೊಟ್ಟರೆ ದೋಣಿಯಲ್ಲಿ ನೆನೆದು ಮುದ್ದೆಯಾಗುತ್ತದೆ, ಇಲ್ಲವೆ ಗಾಳಿಗೆ ಹಾರುತ್ತದೆ. ಅದಕ್ಕೆ ಆಪರೇಷನ್ ಕೋಣೆಯಲ್ಲಿ ಚರ್ಮದ ಮೇಲೆ ಗೆರೆ ಎಳೆಯುವ ಪೆನ್ನಿನಲ್ಲಿ ಮುಂದೋಳಿನ ಮೇಲೇ ಬರೆದುಬಿಡುತ್ತಿದ್ದಳು. ದೋಣಿಯ ಹತ್ತಿರ ಒಂದು ಸ್ಲೇಟು ನೇತುಹಾಕಿದ್ದರು. ಹಡಗು ಹೊರಡಲು ಇನ್ನೆಷ್ಟು ದಿನ ಅಂತ ಅದರಲ್ಲಿ ಇರುತ್ತಿತ್ತು, ದಿನಕ್ಕೊಂದು ಕಡಿಮೆಯಾಗುತ್ತಿತ್ತು. ತೋಳಿನ ಅಂಕಿ ಸ್ಲೇಟಿನ ಅಂಕಿಯಷ್ಟೇ ಇದ್ದರೆ, ಇಲ್ಲವೆ ಅದಕ್ಕಿಂತ ಚಿಕ್ಕದಿದ್ದರೆ ದೋಣಿಯವರು ಕೈಹಿಡಿದು ಹತ್ತಿಸುತ್ತಿದ್ದರು. ದೊಡ್ಡದಿದ್ದರೆ, ಆಮೇಲೆ ನೋಡೋಣ, ಆಚೆ ಕೂತಿರಿ, ಅನ್ನುತ್ತಿದ್ದರು.

ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಕೆಂಬುದು ಹಡಗಿನ ವೈದ್ಯಾಧಿಕಾರಿಯ ಆಜ್ಞೆ. ಅವರಿಗೆ ಇಸ್ತ್ರಿ ಸಾಹೇಬರೆಂದು ಹೆಸರು ಬಿದ್ದಿತ್ತು. ಬಿರುಗಾಳಿಯಲ್ಲೂ ಅವರ ಪ್ಯಾಂಟಿನ ಗೆರೆ ಅಳಿಸುತ್ತಿರಲಿಲ್ಲ. ಮೊದಲ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ದಡದಲ್ಲಿ ಯಾರಿಗೂ ಇಲ್ಲ ಅನ್ನಬೇಡಿ. ಇಲ್ಲ ಅಂದ್ರೆ ಗಲಾಟೆ ಆಗತ್ತೆ. ನಂಬರ್ ಬರೀರಿ, ಮುಂದಕ್ಕೆ ಕಳಿಸಿ. ಯಾವಾಗ ಅಂತ ಕೇಳಿದ್ರೆ, ಹೇಳಿ ಕಳಿಸ್ತೀವಿ ಅನ್ನಿ,” ಅಂದಿದ್ದರು.

ಹಡಗಿಗೆ ಆಗದವರಿಗೂ ದಾರಿ ಇರಲಿಲ್ಲವೆಂದಲ್ಲ. ಮೂರು ಗಂಟೆಯ ದಾರಿಯಲ್ಲಿ, ಅಲುಗಾಡದೆ ಉಳಿದಿದ್ದ ದೊಡ್ಡ ಊರಿನಲ್ಲಿ ಒಂದು ಆಸ್ಪತ್ರೆ ಇತ್ತು. ದಿನವೂ ಬೆಳಿಗ್ಗೆ ಶಾಲೆಯ ಗೇಟಿನಿಂದ ಅಲ್ಲಿಗೆ ಟ್ರಕ್ ಹೋಗುತ್ತಿತ್ತು. ಹಡಗು ಕರೆಯದವರು ಟ್ರಕ್ ಹತ್ತುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹತ್ತಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ.

ಹಡಗು ಬಂದ ಮೂರನೆಯ ದಿನ, ಸ್ಲೇಟಿನಲ್ಲಿ ಹದಿನಾಲ್ಕು ಇದ್ದಾಗ, ಒಬ್ಬ ದರ್ಜಿ ಹೆಂಗಸು ಬಂದಳು. ಮೂವತ್ತರ ಒಳಗಿನ ವಯಸ್ಸು. ಬಲಗೈಗೆ ಅರ್ಧ ಹೊಲಿದ ಯಾರದೋ ಅಂಗಿ ಸುತ್ತಿಕೊಂಡಿದ್ದಳು, ಅದರ ಒಂದು ತೋಳು ಜೋತಾಡುತ್ತಿತ್ತು. ಜೊತೆಯಲ್ಲಿ ಅವಳ ಅತ್ತೆ.

“ಮನೆ ಅಲ್ಲಾಡೋಕೆ ಶುರುವಾದಾಗ ಎಲ್ರೂ ಮಕ್ಕಳನ್ನ ಎತ್ಕೊಂಡು ಓಡಿದ್ರೆ ಇವಳು ಹೊಲಿಗೆ ಮೆಷಿನ್ ಎತ್ಕೊಳ್ಳೋಕೆ ಹೋದ್ಲು,” ಅಂದಳು ಅತ್ತೆ. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. “ತೊಲೆ ಬಿತ್ತು. ಮೆಷಿನ್ನು ಕೈ ಮೇಲೆ ಬಿತ್ತು.”

“ಮನೆ ನಡೀತಿರೋದೇ ಅದ್ರಿಂದ ಅಲ್ವಾ ಅತ್ತೆ,” ಅಂದಳು ಸೊಸೆ.

ಕ್ಯಾಲೆಂಡರ್ ಅಕ್ಕ ಅಂಗಿ ಬಿಚ್ಚಿ ನೋಡಿದಳು. ಮೂರು ಬೆರಳು ಜಜ್ಜಿ, ಅಂಗೈಯ ಚರ್ಮ ಹರಿದು, ಒಳಗೆ ಕೀವು ಕಟ್ಟತೊಡಗಿತ್ತು. ಎರಡು ಸಲ ಕೊಯ್ದು ತೊಳೆಯಬೇಕು, ತೊಡೆಯಿಂದ ಚರ್ಮ ತೆಗೆದು ಕೂರಿಸಬೇಕು, ಅದು ಹಿಡಿದುಕೊಳ್ಳಬೇಕು. ಮೂಸಿದಳು. ಹೆಬ್ಬೆರಳಲ್ಲಿ ಒತ್ತಿದಳು. ಹತ್ತೊಂಬತ್ತು. ಅದಕ್ಕೆ ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ.

“ಕೈ ಉಳಿಯತ್ತಾ ಅಕ್ಕ?”

“ಉಳಿಯತ್ತೆ. ಹೆಬ್ಬೆರಳು, ತೋರುಬೆರಳು ಚೆನ್ನಾಗೇ ಇವೆ. ಕತ್ತರಿ ಹಿಡೀಬಹುದು.”

ಹೇಳಿದ್ದು ಸುಳ್ಳಲ್ಲ. ಎಡ ಮುಂದೋಳನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಒಂದು ಗಳಿಗೆ ಕೈ ನಿಂತಿತು. ಊರಿನಲ್ಲಿ ಅವಳ ಗಂಡನೂ ದರ್ಜಿಯೇ. ಬಲಗೈ ಹೋದರೆ ದರ್ಜಿಗೆ ಉಳಿಯುವುದೇನು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹದಿನಾಲ್ಕು ಅಂತ ಬರೆದರೆ ಈಗಲೇ ದೋಣಿ. ಆಗ ಸ್ಟ್ರೆಚರಿನ ಮುದುಕ ನೆನಪಾದ. ಹತ್ತೊಂಬತ್ತು ಅಂತ ದುಂಡಗೆ ಬರೆದಳು.

“ಯಾವಾಗ ಬರ್ಬೇಕು ಅಕ್ಕ?”

“ಹೇಳಿ ಕಳಿಸ್ತೀವಿ.”

ಸಂಜೆ ಹಡಗಿಗೆ ಹಿಂತಿರುಗಿದ ಮೇಲೆ ಗಂಡನಿಗೆ ಫೋನ್ ಮಾಡಿದಾಗ ಆ ಮಾತೂ ಬಂತು. ಅವನು ಅಂಗಡಿಯಲ್ಲೇ ಇದ್ದ, ಹಿಂದೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಅವಳು ಹೇಳುತ್ತಿದ್ದ ಹಾಗೆ ಸದ್ದು ನಿಂತಿತು.

“ಕರ್ಕೊಂಡ್ರಾ ಅವಳನ್ನ?”

“ಹೇಗೆ ಕರ್ಕೊಳ್ಳೋದು ರೀ? ಹತ್ತೊಂಬತ್ತು ದಿನ ಬೇಕು. ಇರೋದು ಹದಿನಾಲ್ಕು.”

“ನಾವು ಬಟ್ಟೆ ಕತ್ತರಿಸುವಾಗ ಒಳಗಡೆ ಎರಡು ಬೆರಳಗಲ ಬಿಟ್ಟಿರ್ತೀವಿ. ಮುಂದೆ ಬೇಕಾದ್ರೆ ಬಿಚ್ಚಿ ದೊಡ್ಡದು ಮಾಡ್ಕೊಳ್ಳಲಿ ಅಂತ. ನೀನು ಹೀಗೆ ಅಂಚಿಗೇ ಕತ್ತರಿ ಹಾಕ್ತೀಯಲ್ಲೇ.”

“ಗಾಯ ಏನು ಪ್ಯಾಂಟ್ ಪೀಸಾ?” ಅಂತ ರೇಗಿ ಅವಳು ಫೋನ್ ಇಟ್ಟಳು. ಮನೆಯಲ್ಲಿ ಕೂತು ಉಪದೇಶ ಮಾಡುವುದು ಬಲು ಸುಲಭ. ಆದರೂ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ದೊಡ್ಡ ಊರಿನ ಆಸ್ಪತ್ರೆಗೆ ಹೋಗಿರುತ್ತಾಳೆ, ಅಲ್ಲಿ ನೋಡಿಕೊಳ್ಳುತ್ತಾರೆ, ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎಂಟು ದಿನ ಹೋಯಿತು. ಸ್ಲೇಟಿನಲ್ಲಿ ಆರು. ಈಗ ಹತ್ತುವವರು ಕಡಿಮೆ, ವಾಸಿಯಾಗಿ ಇಳಿಯುವವರು ಹೆಚ್ಚು. ಮುನ್ನೂರು ಹಾಸಿಗೆಯಲ್ಲಿ ನೂರ ಎಂಬತ್ತು ಖಾಲಿ ಬಿದ್ದಿದ್ದವು. ಹಡಗಿನ ಅಡುಗೆಯವರು ಮಾಡಿದ ಅಡುಗೆ ಉಳಿಯುತ್ತಿದೆ ಅಂತ ಗೊಣಗುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಮೇಜು ಒರೆಸುತ್ತಿದ್ದಾಗ ಟ್ರಕ್ಕಿನ ಡ್ರೈವರ್ ಬಂದು ಜಗುಲಿಯ ಕಂಬಕ್ಕೆ ಒರಗಿ ನಿಂತ.

“ಅಕ್ಕ, ನಿಮ್ಮ ಟೋಕನ್ನಿಂದ ನನ್ನ ಗಾಡಿ ಖಾಲಿ ಹೋಗ್ತಿದೆ.”

“ಯಾವ ಟೋಕನ್ನು?”

“ತೋಳಿನ ಮೇಲೆ ಬರೀತೀರಲ್ಲ, ಅದು. ಬನ್ರಪ್ಪ, ಆಸ್ಪತ್ರೆಗೆ ಬಿಡ್ತೀನಿ ಅಂತ ದಿನಾ ಗಂಟಲು ಹರ್ಕೊಳ್ತೀನಿ. ಒಬ್ರೂ ಅಲ್ಲಾಡಲ್ಲ. ಹಡಗಲ್ಲಿ ನಮ್ಮ ಪಾಳಿ ಬರೋದಿದೆ, ಈಗೆದ್ದು ಹೋದ್ರೆ ಪಾಳಿ ತಪ್ಪತ್ತೆ ಅಂತಾರೆ. ನೋಡಿ ಬೇಕಾದ್ರೆ, ಹಿಂದಿನ ಅಂಗಳದಲ್ಲಿದಾರೆ.”

ಹನ್ನೊಂದು ದಿನದಲ್ಲಿ ಅವಳು ಒಮ್ಮೆಯೂ ಶಾಲೆಯ ಹಿಂದೆ ಹೋಗಿರಲಿಲ್ಲ. ಅಲ್ಲಿ ಜನ ಇರುವುದು ಗೊತ್ತಿತ್ತು, ಮನೆ ಕಳೆದುಕೊಂಡವರು ಉಳಿದುಕೊಂಡಿದ್ದಾರೆ ಅಂದುಕೊಂಡಿದ್ದಳು. ಹೋಗಿ ನೋಡಿದವಳು ಹಾಗೇ ನಿಂತುಬಿಟ್ಟಳು.

ಗೋಡೆಯ ನೆರಳಿನಲ್ಲಿ ಒಂದು ಸಾಲು. ಅಂಥ ಶಿಸ್ತಿನ ಸಾಲನ್ನು ಅವಳು ನೌಕಾಪಡೆಯಲ್ಲೂ ಕಂಡಿರಲಿಲ್ಲ. ಚಿಕ್ಕ ಅಂಕಿಯವರೆಲ್ಲ ಮೊದಲ ದಿನಗಳಲ್ಲೇ ಬಂದು ಹಡಗು ಹತ್ತಿದ್ದರು. ಉಳಿದವರು ಹದಿನೈದರಿಂದ ಶುರುವಾಗಿ ಹದಿನಾರು, ಹದಿನೇಳು, ಹೀಗೆ ಮೂವತ್ತರವರೆಗೆ ನಲವತ್ತೊಂದು ಜನ ಅಂಕಿಯ ಪ್ರಕಾರ ಕೂತಿದ್ದರು. ಒಂದೇ ಅಂಕಿಯವರು ಒಂದು ಗುಂಪು. ತಲೆಯ ಕಡೆ, ಮಗುಚಿದ ಬಕೆಟ್ಟಿನ ಮೇಲೆ ಒಬ್ಬ ನಿವೃತ್ತ ಬಸ್ ಕಂಡಕ್ಟರ್, ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು, ಕೊರಳಲ್ಲಿ ಸೀಟಿ ಹಾಕಿಕೊಂಡು ಕೂತಿದ್ದ. ಯಾರಾದರೂ ಮುಂದೆ ನುಗ್ಗಿದರೆ ಸೀಟಿ ಊದುತ್ತಿದ್ದನಂತೆ.

“ಐದರವರು ಹೋಗಿ ಬಂದ್ರು, ಎಂಟರವರು ಹೋಗಿ ಬಂದ್ರು, ಹನ್ನೆರಡರವರೂ ಹೋದ್ರು,” ಅಂತ ಅವನು ಅವಳಿಗೇ ವಿವರಿಸಿದ. “ಚಿಕ್ಕ ನಂಬರ್ ಮೊದ್ಲು. ಇನ್ನು ನಮ್ಮದೇ. ನಮ್ಮ ಕಡೆಯಿಂದ ಒಂದು ಗಲಾಟೆ ಇಲ್ಲ ನೋಡಿ ಸಿಸ್ಟರ್.”

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುವಂತಿರಲಿಲ್ಲ. ಚಿಕ್ಕ ಅಂಕಿಯವರು ಹೋಗಿದ್ದು ನಿಜ, ದೊಡ್ಡ ಅಂಕಿಯವರು ಉಳಿದದ್ದು ನಿಜ. ಕಣ್ಣೆದುರಿಗೆ ನಡೆದದ್ದನ್ನು ನೋಡಿ ಅವರು ನಂಬಿದ್ದರು. ಹೇಳಿ ಕಳಿಸ್ತೀವಿ ಅಂತ ಅವಳೇ ಅಲ್ಲವೆ ಅಂದದ್ದು?

ಸಾಲಿನ ನಡುವೆ ದರ್ಜಿ ಹೆಂಗಸು ಇದ್ದಳು. ಪಕ್ಕದಲ್ಲಿ ಅತ್ತೆ ಕೂತು, ಪಾತ್ರೆಯ ತಳದ ಮಸಿಯನ್ನು ಕಡ್ಡಿಯಲ್ಲಿ ತೆಗೆದು ಸೊಸೆಯ ಎಡತೋಳಿನ ಮೇಲಿನ ಹತ್ತೊಂಬತ್ತನ್ನು ತಿದ್ದುತ್ತಿದ್ದಳು. ಶಾಯಿ ಮಾಸಿತ್ತು, ಅಳಿಸಿ ಹೋದರೆ ಪಾಳಿ ಹೋದೀತು ಅಂತ ದಿನವೂ ಬೆಳಿಗ್ಗೆ ಅದೇ ಮೊದಲ ಕೆಲಸವಂತೆ. ಬಲಗೈಯ ಬಟ್ಟೆ ಬಿಚ್ಚದೆಯೇ ಕ್ಯಾಲೆಂಡರ್ ಅಕ್ಕನ ಮೂಗಿಗೆ ಎಲ್ಲ ತಿಳಿಯಿತು.

ಆ ದಿನ ನಾಲ್ಕು ಗಂಟೆಯವರೆಗೆ ಕಾಯದೆ ದೋಣಿ ಹಿಡಿದು ನೇರ ಇಸ್ತ್ರಿ ಸಾಹೇಬರ ಕೋಣೆಗೆ ಹೋದಳು. ಅವರು ಮೇಜಿನ ಮೇಲೆ ಹಡಗಿನ ನಕ್ಷೆ ಹರಡಿಕೊಂಡು, ಯಾವ ವಾರ್ಡಿನಿಂದ ಯಾವ ವಾರ್ಡಿಗೆ ಕೆಂಪು ಹಾಸು ಹಾಸಬೇಕು ಅಂತ ಗುರುತು ಹಾಕುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಎಷ್ಟು ಜನ?”

“ನಲವತ್ತೊಂದು, ಸರ್.”

“ಸುಮ್ನೆ ಕೂತಿದಾರಾ?”

“ಸುಮ್ನೇ ಕೂತಿದಾರೆ. ಅದೇ ಕಷ್ಟ. ಟ್ರಕ್ ಹತ್ತಿದ್ರೆ ಬದುಕ್ತಾರೆ, ಇಲ್ಲೇ ಕೂತ್ರೆ ಕೈಕಾಲು ಕಳ್ಕೋತಾರೆ. ನಿಮ್ಮ ನಂಬರ್ ಪಾಳಿ ಅಲ್ಲ ಅಂತ ನಾಳೆ ಬೆಳಿಗ್ಗೆ ಹೇಳಿಬಿಡ್ತೀನಿ.”

“ನೂರ ಎಂಬತ್ತು ಹಾಸಿಗೆ ಖಾಲಿ ಇಟ್ಕೊಂಡು ನಿಮಗೆ ಜಾಗ ಇಲ್ಲ ಅಂತ ಹೇಳ್ತೀರಾ? ಕಲ್ಲು ಬೀಳತ್ತೆ ಸಿಸ್ಟರ್. ಮುಂದಿನ ವಾರ ಮೇಲಿನವರು ಬರ್ತಿದಾರೆ, ಹಡಗು ನೋಡೋಕೆ. ಅದಾದ ಮೇಲೆ ಹೇಳಿ.”

“ಮುಂದಿನ ವಾರ ನಾವೇ ಇರಲ್ಲವಲ್ಲ ಸರ್?”

“ಇರ್ತೀವಿ. ಇವತ್ತು ಬೆಳಿಗ್ಗೆ ಆದೇಶ ಬಂತು. ಅವರ ಭೇಟಿಗೋಸ್ಕರ ಎಂಟು ದಿನ ಜಾಸ್ತಿ ನಿಲ್ತಿದೀವಿ.”

ಅವಳ ತಲೆಯೊಳಗೆ ಅಂಕಿಗಳು ತಮ್ಮಷ್ಟಕ್ಕೆ ಕೂಡಿಕೊಂಡವು. ದರ್ಜಿ ಬಂದ ದಿನ ಹದಿನಾಲ್ಕು ಇತ್ತು. ಅದಕ್ಕೆ ಎಂಟು. ಇಪ್ಪತ್ತೆರಡು. ಹತ್ತೊಂಬತ್ತು ಕಳೆದು ಇನ್ನೂ ಮೂರು ಉಳಿಯುತ್ತಿತ್ತು.

“ಹಾಗಿದ್ರೆ ಸ್ಲೇಟಲ್ಲಿ ಹದಿನಾಲ್ಕು ಬರೀತೀನಿ ಸರ್. ಹೊಸದಾಗಿ ಬರೋ ಚಿಕ್ಕ ನಂಬರಿನವರನ್ನಾದ್ರೂ ಹತ್ತಿಸ್ಕೊಳ್ಳಬಹುದು.”

“ಬೇಡ. ಹೊಸಬರನ್ನ ತಗೊಳ್ಳೋದು ನಿಲ್ಲಿಸಿದೀವಿ. ವಾರ್ಡ್ ಎಲ್ಲ ತೊಳೆದು ರೆಡಿ ಇಡ್ಬೇಕು,” ಅಂದು ಅವರು ನಕ್ಷೆಯ ಕಡೆ ತಿರುಗಿದರು. ಗೋಡೆಗೆ ಹೇಳಿದ್ದರೂ ಒಂದು ಪ್ರತಿಧ್ವನಿ ಬರುತ್ತಿತ್ತು.

ಇಪ್ಪತ್ತಾರು ವರ್ಷ ಹೇಳಿದ್ದಕ್ಕೆಲ್ಲ ಸರಿ ಸರ್ ಅಂದವಳು ಆ ದಿನ ಸರಿ ಅನ್ನಲಿಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ. ಸೆಲ್ಯೂಟ್ ಹೊಡೆದು ಹೊರಗೆ ಬಂದಳು. ಅಲ್ಲೇ ಮೇಜು ಗುದ್ದಿ ಕೂಗಾಡಬೇಕಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿತು. ಮೇಜು ಗುದ್ದುವ ಅಭ್ಯಾಸ ಇದ್ದಿದ್ದರೆ ಅಷ್ಟು ವರ್ಷ ಆ ಕೆಲಸದಲ್ಲಿ ಇರುತ್ತಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ದೋಣಿ ಇಳಿದವಳು ಮೇಜಿನ ಹತ್ತಿರ ಹೋಗದೆ ಹಿಂದಿನ ಅಂಗಳಕ್ಕೆ ನಡೆದಳು. ದರ್ಜಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

“ನೋಡು ತಂಗಿ, ಇದು ಪಾಳಿ ನಂಬರ್ ಅಲ್ಲ. ನಿನ್ನ ಕೈ ವಾಸಿಯಾಗೋಕೆ ಬೇಕಾದ ದಿನ. ಹಡಗು ನಿನ್ನನ್ನ ಕರೆಯಲ್ಲ. ಈಗ್ಲೇ ಎದ್ದು ಟ್ರಕ್ ಹತ್ತು.”

ದರ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಎಡತೋಳನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತೆಗೆದುಕೊಂಡಳು.

“ಎಂಟರವರು ಮೊನ್ನೆ ತಾನೆ ಹೋಗಿ ಬಂದ್ರಲ್ಲ ಅಕ್ಕ. ನಮ್ಮ ಹತ್ರ ಬಂದಾಗ ಮಾತ್ರ ಪಾಳಿ ಅಲ್ವಾ?”

“ಯಾರದೋ ಶಿಫಾರಸು ಬಂದಿರ್ಬೇಕು,” ಅಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. “ಇವಳನ್ನ ಎಬ್ಬಿಸಿ ಆ ಜಾಗಕ್ಕೆ ಬೇರೆಯವರನ್ನ ತುಂಬ್ತಾರೆ. ನಾವೇನು ನಿನ್ನೆ ಮೊನ್ನೆ ಹುಟ್ಟಿದೋರಾ?”

“ಅಮ್ಮ, ನನ್ನ ಮಾತು ನಂಬಿ. ಈ ಅಂಕಿ ಬರೆದೋಳೇ ನಾನು.”

“ಬರೆದಿದೀರಲ್ಲ, ಅದನ್ನೇ ನಂಬಿರೋದು,” ಅಂದಳು ಅತ್ತೆ.

ಸಾಲಿನಲ್ಲಿ ಗುಸುಗುಸು ಶುರುವಾಯಿತು. ಕಂಡಕ್ಟರ್ ಬಕೆಟ್ಟಿನಿಂದ ಏಳಲು ನೋಡಿದ. ಕ್ಯಾಲೆಂಡರ್ ಅಕ್ಕ ಎದ್ದು ನಿಂತಳು. ಒಂದು ನಿಜವನ್ನು ತಡವಾಗಿ ಹೇಳಿದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಅಂತ ಅವಳಿಗೆ ಅಲ್ಲೇ ಗೊತ್ತಾಯಿತು. ಗೇಟಿನಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಇನ್ನು ಹತ್ತು ನಿಮಿಷದಲ್ಲಿ ಖಾಲಿ ಗಾಡಿ ತೆಗೆದುಕೊಂಡು ಹೊರಡುತ್ತಾನೆ. ಅವಳು ಕಂಡಕ್ಟರನ ಮುಂದೆ ಹೋಗಿ ಕೈ ಚಾಚಿದಳು.

“ಸೀಟಿ ಕೊಡಿ.”

ಕೊಟ್ಟ. ಅವಳು ಒಮ್ಮೆ ಜೋರಾಗಿ ಊದಿ, ಎದೆ ಗಟ್ಟಿ ಮಾಡಿಕೊಂಡು ಕೂಗಿದಳು. “ಹದಿನೈದನೇ ನಂಬರಿನವರು ಎದ್ದೇಳಿ. ನಿಮ್ಮ ಪಾಳಿ ಬಂದಿದೆ. ಹಡಗಲ್ಲಿ ಜಾಗ ಸಾಲದೆ ದೊಡ್ಡ ಊರಿನ ಆಸ್ಪತ್ರೇಲಿ ವ್ಯವಸ್ಥೆ ಆಗಿದೆ. ಇದೇ ನಂಬರ್ ಅಲ್ಲೂ ನಡೆಯತ್ತೆ. ಟ್ರಕ್ ಹತ್ತಿ. ಹದಿನಾರು. ಹದಿನಾರನೇ ನಂಬರಿನವರು.”

ಅಷ್ಟು ದಿನ ಬಾಯಿ ಹರಿದುಕೊಂಡರೂ ಅಲ್ಲಾಡದವರು ಒಬ್ಬೊಬ್ಬರಾಗಿ ಎದ್ದರು. ಒಂದು ತಳ್ಳಾಟವಿಲ್ಲ. ತೋಳು ಎತ್ತಿ ಅವಳಿಗೆ ಅಂಕಿ ತೋರಿಸಿ, ಅವಳು ತಲೆಯಾಡಿಸಿದ ಮೇಲೆ ಹೆಜ್ಜೆ ಮುಂದಿಡುತ್ತಿದ್ದರು. ಹದಿನೇಳರ ಜೊತೆ ಕಂಡಕ್ಟರನೂ ಕುಂಟುತ್ತ ಹೋಗಿ ಹತ್ತಿದ. ಹತ್ತೊಂಬತ್ತು ಅಂತ ಕೂಗಿದಳು. ದರ್ಜಿ ಎದ್ದು, ಅತ್ತೆಯ ಭುಜ ಹಿಡಿದು, ಹತ್ತಿರ ಬಂದಾಗ ನಕ್ಕಳು.

“ನೋಡಿದ್ರಾ ಅಕ್ಕ, ಬಂತಲ್ಲ. ಸುಮ್ನೆ ಎಬ್ಬಿಸೋಕೆ ನೋಡಿದ್ರಿ.”

ಡ್ರೈವರ್ ಬಾಗಿಲು ಹಾಕಿ ಕೊಂಡಿ ಸಿಕ್ಕಿಸಿದ. ಒಳಗಿನಿಂದ ಕಂಡಕ್ಟರ್ “ರೈಟ್, ರೈಟ್” ಅಂದದ್ದು ಕೇಳಿಸಿತು, ಯಾರೋ ನಕ್ಕರು. ಉಳಿದವರು ಮರುದಿನದ ಟ್ರಕ್ಕಿನಲ್ಲಿ ಹೋದರು.

ಸುದ್ದಿ ಹಡಗಿಗೂ ಮುಟ್ಟಿತು. ಶಿಸ್ತು ಕ್ರಮವೇ ಆಗುತ್ತದೆ ಅಂತ ಕಾದಿದ್ದವಳನ್ನು ಇಸ್ತ್ರಿ ಸಾಹೇಬರು ಕರೆದು ಹೊಗಳಿದರು. ದಡ ಖಾಲಿಯಾಯಿತು, ಒಂದು ಕೂಗಿಲ್ಲ, ಕಲ್ಲಿಲ್ಲ. “ತಲೆ ಓಡಿಸಿದೀರಿ ಸಿಸ್ಟರ್.” ಮೇಲಿನವರು ಬಂದ ದಿನ ಕೆಂಪು ಹಾಸಿನ ಪಕ್ಕದಲ್ಲಿ ಅವಳನ್ನೂ ನಿಲ್ಲಿಸಿದರು. ಖಾಲಿ ಹಾಸಿಗೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಅಡುಗೆಯವರಲ್ಲಿ ಎಂಟು ಜನರಿಗೆ ಬ್ಯಾಂಡೇಜು ಸುತ್ತಿ ಮಲಗಿಸಿದ್ದರು. ಅವರಲ್ಲೊಬ್ಬನ ತಲೆ ಸವರಿ ಮೇಲಿನವರು ಬೇಗ ಗುಣವಾಗು ಅಂದರು. ಅವನು ಹೊದಿಕೆಯ ಒಳಗೆ ನಗು ತಡೆಯಲಾರದೆ ಕುಲುಕುತ್ತಿದ್ದದ್ದನ್ನು ಪಾಪ ನೋವು ಅಂದುಕೊಂಡರು. ಮುಂದೆ ಬಂದು ಅವಳ ಕೈ ಕುಲುಕಿ, ಒಂದು ಪ್ರಶಸ್ತಿಪತ್ರ ಕೊಟ್ಟರು. ಅದನ್ನು ಹರಿದು ಸಮುದ್ರಕ್ಕೆ ಎಸೆದಳು ಅಂದರೆ ಕತೆಗೆ ಚೆನ್ನಾಗಿರುತ್ತದೆ. ಎಸೆಯಲಿಲ್ಲ. ಪೆಟ್ಟಿಗೆಯ ತಳದಲ್ಲಿ, ಬಟ್ಟೆಯ ಕೆಳಗೆ ಇಟ್ಟಳು.

ಹಡಗು ಹೊರಡುವ ಹಿಂದಿನ ದಿನ, ಇನ್ನೂ ಸ್ವಲ್ಪ ಆರೈಕೆ ಬೇಕಾಗಿದ್ದ ಇಬ್ಬರನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಪ್ಪಿಸುವ ಕೆಲಸ ಬಂತು. ನಾನೇ ಹೋಗ್ತೀನಿ ಅಂದಳು. ಒಪ್ಪಿಸಿ ಸಹಿ ಮಾಡಿ, ಹೆಂಗಸರ ವಾರ್ಡು ಎಲ್ಲಿ ಅಂತ ಕೇಳಿಕೊಂಡು ಹೋದಳು.

ಉದ್ದನೆಯ ಕೋಣೆ, ಹಾಸಿಗೆಗಳ ನಡುವೆ ನೆಲದ ಮೇಲೂ ಚಾಪೆ ಹಾಕಿ ಮಲಗಿಸಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ದರ್ಜಿ ದಿಂಬಿಗೆ ಒರಗಿ ಕೂತಿದ್ದಳು. ಬಲತೋಳು ಮೊಣಕೈಯಿಂದ ಒಂದು ಗೇಣು ಕೆಳಗೆ ಮುಗಿದುಹೋಗಿತ್ತು, ಅದರ ತುದಿಗೆ ದಪ್ಪ ಬ್ಯಾಂಡೇಜು. ಎಡತೋಳಿನ ಮೇಲೆ ಹತ್ತೊಂಬತ್ತು ಹೊಸದಾಗಿ ಬರೆದ ಹಾಗೆ ಕಪ್ಪಗಿತ್ತು.

“ಊಟ ಕೊಡೋರು, ಔಷಧಿ ಕೊಡೋರು ಯಾರಾದ್ರೂ ನಂಬರ್ ಕೇಳಿದ್ರೆ ಇರ್ಲಿ ಅಂತ ನಾನೇ ತಿದ್ತಾ ಇದೀನಿ,” ಅಂದಳು ಅತ್ತೆ. ಹಳೆಯ ಸಿಟ್ಟು ಇರಲಿಲ್ಲ. ಜಾಗ ಮಾಡಿಕೊಟ್ಟಳು. “ಕೂತ್ಕೊಳ್ಳಮ್ಮ. ಆವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ.”

“ನೀವು ಬಂದು ಕರೀದೆ ಇದ್ದಿದ್ರೆ ಇನ್ನೂ ಅಲ್ಲೇ ಕೂತಿರ್ತಿದ್ವಿ ಅಕ್ಕ,” ಅಂದಳು ದರ್ಜಿ. “ಒಂದು ವಾರ ಮೊದಲು ಬಂದಿದ್ರೆ ಕೈ ಉಳೀತಿತ್ತು ಅಂದ್ರು ಡಾಕ್ಟ್ರು. ಏನ್ ಮಾಡೋಕಾಗತ್ತೆ? ನನ್ನ ನಂಬರೇ ಹಿಂದಿತ್ತು. ನಿಮ್ಮದೇನು ತಪ್ಪು?”

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆ ಹೆಂಗಸು ತನ್ನ ಹಣೆಬರಹವನ್ನು ಬೈದುಕೊಂಡು, ಇವಳನ್ನು ಹರಸಿ, ಕಳಿಸಿಕೊಡುತ್ತಿದ್ದಳು. ಆದರೆ ಕ್ಯಾಲೆಂಡರ್ ಅಕ್ಕನಿಗೆ ಆ ಹರಕೆ ಗಂಟಲಲ್ಲಿ ಇಳಿಯಲಿಲ್ಲ. ಹೇಳಿ ಕಳಿಸ್ತೀವಿ ಅಂದಿದ್ದಳಲ್ಲ, ಈಗಲಾದರೂ ಹೇಳಬೇಕಿತ್ತು.

“ತಂಗಿ, ನಾನು ಆವತ್ತು ಹೇಳಿದ್ದೇ ನಿಜ. ಅದು ಪಾಳಿ ಅಲ್ಲ. ನಿನ್ನ ಹಿಂದೆ ಯಾರೂ ಇರ್ಲಿಲ್ಲ, ಮುಂದೆಯೂ ಯಾರೂ ಇರ್ಲಿಲ್ಲ. ಹತ್ತೊಂಬತ್ತು ದಿನದಲ್ಲಿ ನಿನ್ನ ಕೈ ಸರಿ ಮಾಡಬಹುದಿತ್ತು. ಹಡಗು ಹದಿನಾಲ್ಕೇ ದಿನ ಇರತ್ತೆ ಅಂದಿದ್ರು. ಅದಕ್ಕೆ ನಿನ್ನನ್ನ ಹತ್ತಿಸಲಿಲ್ಲ. ಇಲ್ಲ ಅಂತ ಹೇಳ್ಲಿಲ್ಲ. ಟ್ರಕ್ ಹತ್ತು ಅಂತಲೂ ಹೇಳ್ಲಿಲ್ಲ. ಆಮೇಲೆ ಪಾಳಿ ಬಂತು ಅಂತ ಕೂಗಿದ್ದು ಸುಳ್ಳು.”

ಪಕ್ಕದ ಮಂಚದಲ್ಲಿ ಯಾರೋ ನೀರು ಕೇಳುತ್ತಿದ್ದರು. ದರ್ಜಿ ಕೇಳಿದಳು.

“ಹಡಗು ಯಾವತ್ತು ಹೋಗತ್ತೆ?”

“ನಾಳೆ.”

ಎಡಗೈಯ ಬೆರಳುಗಳನ್ನು ಮಡಿಸುತ್ತ ಅವಳು ಎಣಿಸತೊಡಗಿದಳು. ಐದು ಮುಗಿದ ಮೇಲೆ ಅಭ್ಯಾಸಬಲದಿಂದ ಬಲಗೈಯ ಕಡೆ ನೋಡಿ, ಮತ್ತೆ ಎಡಗೈಯಲ್ಲೇ ಮುಂದುವರಿಸಿದಳು. ಅಳತೆ ತಪ್ಪುವವಳಲ್ಲ.

“ಇಪ್ಪತ್ತೆರಡು ಆಯ್ತಲ್ಲ.”

“ಆಯ್ತು.”

“ಹದಿನಾಲ್ಕು ಅಂತ ಬರೆದಿದ್ರೆ?”

“ಹತ್ತಿಸ್ಕೊಳ್ತಿದ್ರು.”

“ಬರೆಯೋರು ನೀವೇ ಅಲ್ವಾ?”

“ಹೌದು. ನಾನೇ.”

ಅತ್ತೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ದರ್ಜಿ ಎಡತೋಳನ್ನು ಅವಳ ಮುಂದೆ ಚಾಚಿದಳು.

“ಅತ್ತೆ, ಇದನ್ನ ಒರೆಸಿ.”

ಅತ್ತೆ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ತಿಕ್ಕಿದಳು. ಮೇಲಿನ ಮಸಿ ಹೋಯಿತು. ಕೆಳಗಿನ ಶಾಯಿ, ಮಾಸಿದ್ದರೂ, ಹೋಗಲಿಲ್ಲ. ಅದು ಸ್ಪಿರಿಟ್ಟಿಗಷ್ಟೇ ಹೋಗುವ ಶಾಯಿ. ಕ್ಯಾಲೆಂಡರ್ ಅಕ್ಕ ಚೀಲದಿಂದ ಸ್ಪಿರಿಟ್ ಬಾಟಲಿ, ಹತ್ತಿ ತೆಗೆದು, ಒರೆಸಲು ಮುಂದೆ ಬಾಗಿದಳು. ದರ್ಜಿ ತೋಳನ್ನು ಹಿಂದಕ್ಕೆ ಎಳೆದುಕೊಂಡಳು. ಅತ್ತೆ ಕ್ಯಾಲೆಂಡರ್ ಅಕ್ಕನ ಕೈಯಿಂದ ಬಾಟಲಿಯನ್ನೂ ಹತ್ತಿಯನ್ನೂ ತೆಗೆದುಕೊಂಡು ತಾನೇ ಒರೆಸಿದಳು. ಒಂಬತ್ತು ಹೋಯಿತು, ಆಮೇಲೆ ಒಂದು ಹೋಯಿತು. ಚರ್ಮ ಕೆಂಪಗಾಯಿತು.

ಇನ್ನು ಮಾಡಲು ಏನೂ ಇರಲಿಲ್ಲ. ಆದರೂ ಕ್ಯಾಲೆಂಡರ್ ಅಕ್ಕ ನಿಂತೇ ಇದ್ದಳು. ಬೈಯಲಿ ಅಂತ ಕಾದಳೋ ಏನೋ, ಅವಳಿಗೇ ಗೊತ್ತಿಲ್ಲ. ದರ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

“ಹೊರಡಿ ಸಿಸ್ಟರ್,” ಅಂದಳು. “ದೋಣಿಗೆ ಹೊತ್ತಾಗತ್ತೆ.”

ಈ ಸಲ ಅಕ್ಕ ಅನ್ನಲಿಲ್ಲ.